ಹಣೆಯಿಂದ ಇಳಿದ ಮೂಗು

ಕೇಳುಗರಿಗೆ ನಮಸ್ಕಾರ.

ಹೆರಾಲ್ಡ್ ಗಿಲ್ಲೀಸ್ ಎಂಬ ಶಸ್ತ್ರವೈದ್ಯರ ಕಥೆ ಹೇಳಲು ಬಂದಿದ್ದೇನೆ. ಆದರೆ ನಾನು ಶ್ರೀರಂಗಪಟ್ಟಣದ ಗಂಜಾಂನವನು, ಅಲ್ಲಿಂದಲೇ ಹೊರಡುತ್ತೇನೆ.

1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿ ರೈತ ಟಿಪ್ಪುವಿನ ಸೆರೆಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವರೊಬ್ಬರು ಅವನಿಗೆ ಹೊಸ ಮೂಗು ಕಟ್ಟಿಕೊಟ್ಟರು. ಮೇಣದ ತೆಳು ಹಾಳೆಯನ್ನು ಮೂಗಿನ ಜಾಗಕ್ಕೆ ಒತ್ತಿ ಅಳತೆ ತೆಗೆದು, ಅದನ್ನೇ ಹಣೆಯ ಮೇಲೆ ಹರಡಿ, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿದರು. ಕಣ್ಣುಗಳ ನಡುವಿನ ಒಂದು ಎಳೆಯನ್ನು ಮಾತ್ರ ಕೊಯ್ಯಲಿಲ್ಲ. ಮೇಲೆ ಮುಚ್ಚಿದ್ದು ಎಲೆಅಡಿಕೆಗೆ ಹಾಕುವ ಕಾಚನ್ನು ನೆನೆಸಿ ಸವರಿದ ಬಟ್ಟೆ! 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಅಚ್ಚು ಹಾಕಿತು. ಕಾವಸ್‌ಜಿಯ ಹೆಸರು ಬಂತು, ಇಟ್ಟಿಗೆಯವರದು ಬರಲಿಲ್ಲ. 1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು ಲಂಡನ್ನಿನಲ್ಲಿ ಅದೇ ವಿಧಾನ ಅನುಸರಿಸಿದರು.

ಗುಟ್ಟಿರುವುದು ಆ ಕೊಯ್ಯದ ಎಳೆಯಲ್ಲಿ. ನಮ್ಮಜ್ಜ ಮಾವಿನ ಕಸಿ ಕಟ್ಟುವಾಗ, ತಾಯಿ ಮರದ ರೆಂಬೆ ಸಸಿಗೆ ಕೂಡಿಕೊಳ್ಳುವವರೆಗೆ ಅದಕ್ಕೆ ಚಾಕು ತಾಕಿಸಲು ಬಿಡುತ್ತಿರಲಿಲ್ಲ. ಚರ್ಮವೂ ಹಾಗೆಯೇ, ಹೊಸ ಜಾಗದ ರಕ್ತ ಹರಿಯುವ ತನಕ ಹಳೆಯ ನಂಟು ಬೇಕು.

ಗಿಲ್ಲೀಸ್ 1882ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದವರು, ಕಿವಿ ಮೂಗು ಗಂಟಲಿನ ವೈದ್ಯರು. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆಂದೇ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಆಸ್ಪತ್ರೆ ತೆರೆಯಿತು. ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಊರ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು, ಅಲ್ಲಿ ಕುಳಿತ ಸೈನಿಕರ ಮುಖ ಕಂಡು ಊರವರು ಬೆಚ್ಚದಿರಲಿ ಎಂದು. ಅದು ಕರುಣೆಯೋ ಅವಮಾನವೋ, ನನಗಿನ್ನೂ ತೀರ್ಮಾನಿಸಲಾಗಿಲ್ಲ.

ಆ ಅಕ್ಟೋಬರಿನಲ್ಲಿ, ಜಟ್‌ಲೆಂಡ್ ಕಡಲ ಕಾಳಗದಲ್ಲಿ ಮುಖ ಸುಟ್ಟುಕೊಂಡ ನಾವಿಕ ವಿಲ್ಲಿ ವಿಕರೇಜ್‌ನ ಎದೆಯಿಂದ ಗಿಲ್ಲೀಸ್ ಚರ್ಮದ ಪಟ್ಟಿ ಬಿಡಿಸುತ್ತಿದ್ದರು. ಪಟ್ಟಿಯ ಅಂಚುಗಳು ಬಾಳೆಯ ಸುಳಿಯಂತೆ ತಾವಾಗಿಯೇ ಒಳಕ್ಕೆ ಸುತ್ತಿಕೊಂಡವು. ಅವನ್ನು ಹಾಗೆಯೇ ಕೊಳವೆಯಾಗಿ ಹೊಲಿದುಬಿಟ್ಟರು. ಹಸಿ ಮೈ ಒಳಗಾಯಿತು. ಕೀವಿನ ಭಯ ತಗ್ಗಿತು, ರಕ್ತಕ್ಕೆ ದಾರಿ ಉಳಿಯಿತು. ಪೆನಿಸಿಲಿನ್ ಇಲ್ಲದ ಕಾಲವದು.

ಸಿಡ್‌ಕಪ್‌ನಲ್ಲಿ ಚಿಕಿತ್ಸೆ ಪಡೆದವರು 5,000ಕ್ಕೂ ಹೆಚ್ಚು. ಗಿಲ್ಲೀಸರಿಗೆ 'ಸರ್' ಪದವಿ ಬಂದದ್ದು 1930ರಲ್ಲಿ. ಸರ್ಕಾರದ ಕೆಲಸ, ನಿಧಾನ. ಅವರ ರೋಗಿಗಳಿಗೂ ಕಾಯುವುದೇ ಕೆಲಸವಾಗಿತ್ತು. ಭುಜದಿಂದ ಕೆನ್ನೆಗೆ ಸೊಂಡಿಲಿನಂಥ ಕೊಳವೆ ಹೊತ್ತು, ಅದನ್ನು ಕತ್ತರಿಸುವ ದಿನಕ್ಕಾಗಿ ವಾರಗಟ್ಟಲೆ ಎಣಿಸುತ್ತ, ಬಿಸಿಲು ಬಂದಾಗ ಆ ನೀಲಿ ಬೆಂಚುಗಳ ಮೇಲೆ ಕೂರುತ್ತಿದ್ದರು.