ಗಾರ್ಡಿನರ್ಸ್ ದ್ವೀಪ: ಗಂಡುಮಕ್ಕಳ ಪಟ್ಟಿ, ಹೆಣ್ಣುಮಕ್ಕಳ ಒಡೆತನ

ಎದುರಿಗೆ ಕಾಣುತ್ತಿರುವುದೇ ಗಾರ್ಡಿನರ್ಸ್ ದ್ವೀಪ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್ ಪೂರ್ವಕ್ಕೆ ಹೋಗುತ್ತ ಎರಡು ಕವಲಾಗುತ್ತದೆ. ಆ ಕವಲುಗಳ ನಡುವಿನ ಕೊಲ್ಲಿಯಲ್ಲಿರುವ ಸುಮಾರು 3,300 ಎಕರೆಯ ಈ ನೆಲ 1639ರಿಂದ ಇಂದಿನವರೆಗೂ ಒಂದೇ ಮನೆತನದ ಕೈಯಲ್ಲಿದೆ. ಇಷ್ಟು ದೂರದಿಂದ ತೋರಿಸುವುದಕ್ಕೆ ದೋಣಿಯವರು ಕೇಳಿದ ಬಾಡಿಗೆಯನ್ನು ಇಲ್ಲಿ ಹೇಳುವುದಿಲ್ಲ, ಮನೆಯವರೂ ಈ ವಿಡಿಯೋ ನೋಡುತ್ತಾರೆ. ಮಾಲೀಕರ ಅನುಮತಿಯಿಲ್ಲದೆ ಯಾರೂ ಕಾಲಿಡುವಂತಿಲ್ಲವಾದ್ದರಿಂದ ದಡಕ್ಕೆ ಇಳಿಯುವ ಮಾತೇ ಇಲ್ಲ.

ಬಾಡಿಗೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ದ್ವೀಪಕ್ಕೆ ಕೊಟ್ಟ ಬೆಲೆ. ಮೂಲಪುರುಷ ಲಯನ್ ಗಾರ್ಡಿನರ್ ಇಂಗ್ಲೆಂಡಿನ ಸೇನಾ ಎಂಜಿನಿಯರ್. ಕನೆಕ್ಟಿಕಟ್ ನದೀಮುಖದಲ್ಲಿ ಸೇಬ್ರೂಕ್ ಕೋಟೆ ಕಟ್ಟಲು 1635ರಲ್ಲಿ ಬಂದವನು, ಇಂಗ್ಲಿಷರು ಪೀಕ್ವಟ್ ಎಂಬ ಮೂಲನಿವಾಸಿಗಳೊಡನೆ ನಡೆಸಿದ ಯುದ್ಧ ಮುಗಿದ ಮೇಲೆ ಲಾಂಗ್ ಐಲ್ಯಾಂಡಿನ ಮೂಲನಿವಾಸಿಗಳಾದ ಮಾಂಟಾಕೆಟ್ ಜನರಿಂದ ಈ ದ್ವೀಪವನ್ನು ಕೊಂಡನು. ಒಂದು ದೊಡ್ಡ ಕಪ್ಪು ನಾಯಿ, ಒಂದಿಷ್ಟು ಮದ್ದುಗುಂಡು ಮತ್ತು ಕೆಲವು ಡಚ್ ಕಂಬಳಿಗಳನ್ನು ಕೊಟ್ಟು ಕೊಂಡನೆಂಬುದು ಬಾಯಿಂದ ಬಾಯಿಗೆ ಬಂದ ಕಥೆ. ಕ್ರಯಪತ್ರದಲ್ಲಿರುವುದು ಬಟ್ಟೆಯ ಹತ್ತು ನಿಲುವಂಗಿಗಳು. ಯಾವ ಲೆಕ್ಕ ಹಿಡಿದರೂ ಇದು ಹಗಲುದರೋಡೆಯೆಂದೇ ನನಗೆ ಮೊದಲು ಅನ್ನಿಸಿತು. ಆದರೆ ಅದುವರೆಗೆ ಪೀಕ್ವಟ್ಟರಿಗೆ ಕಪ್ಪ ಒಪ್ಪಿಸುತ್ತಿದ್ದ ಮಾಂಟಾಕೆಟ್ಟರಿಗೆ ಆ ಯುದ್ಧದ ನಂತರ ಬಂದೂಕುಳ್ಳ ಒಬ್ಬ ಸ್ನೇಹಿತ ಬೇಕಾಗಿದ್ದನು, ಮಾಂಟಾಕೆಟ್ಟರ ನಾಯಕ ವಯಾಂಡಾಂಚನಿಗೆ ಲಯನ್ ನಿಜವಾಗಿಯೂ ಆಪ್ತನಾಗಿದ್ದನು ಎಂಬುದನ್ನು ಸೇರಿಸಿಕೊಂಡರೆ, ನಿಲುವಂಗಿಗಳು ಬೆಲೆಯ ಒಂದು ಭಾಗ ಮಾತ್ರವೆಂದು ಒಪ್ಪಬೇಕಾಗುತ್ತದೆ. ಹಾಗೆಂದು ಒಪ್ಪಿಕೊಂಡ ಮೇಲೂ, ಕೊನೆಗೆ ನೆಲ ಯಾರ ಬಳಿ ಉಳಿಯಿತು ಎಂದು ನೋಡಿದಾಗ, ಮೊದಲಿನ ಮಾತೇ ಸರಿಯೆನ್ನಿಸುತ್ತದೆ. ತಮಾಷೆಯೆಂದರೆ, ಲಾಂಗ್ ಐಲ್ಯಾಂಡ್ ತನ್ನದೆನ್ನುತ್ತಿದ್ದ ಸ್ಟರ್ಲಿಂಗ್ ಅರ್ಲ್ ಎಂಬ ಶ್ರೀಮಂತನ ಪ್ರತಿನಿಧಿಯಿಂದಲೂ ಲಯನ್ 1640ರಲ್ಲಿ ಪತ್ರ ಮಾಡಿಸಿಕೊಂಡು, ಅದಕ್ಕೆ ವರ್ಷಕ್ಕೆ ಐದು ಪೌಂಡು ಕೊಡಲು ಒಪ್ಪಬೇಕಾಯಿತು. ಆ ಅರ್ಲ್ ಈ ದ್ವೀಪವನ್ನು ಕಣ್ಣಿನಿಂದಲೂ ಕಂಡವನಲ್ಲ.

ಲಯನ್‌ನ ಹೆಂಡತಿ ಮೇರಿ ಹಾಲೆಂಡಿನವಳು. ಮಗ ಡೇವಿಡ್ 1636ರಲ್ಲಿ ಕೋಟೆಯಲ್ಲಿಯೂ ಮಗಳು ಎಲಿಜಬೆತ್ 1641ರಲ್ಲಿ ಈ ದ್ವೀಪದಲ್ಲಿಯೂ ಹುಟ್ಟಿದರು. ಮೊಮ್ಮಗ ಜಾನ್ ಮೂರನೆಯ ಒಡೆಯ. ನಮ್ಮ ಕರಾವಳಿಯವರು ಕಿವಿಗೊಟ್ಟು ಕೇಳಬೇಕಾದದ್ದು ಈತನ ಕಾಲದ ಘಟನೆ. 1699ರ ಜೂನ್‌ನಲ್ಲಿ ಕಡಲ್ಗಳ್ಳನೆಂದು ಹೆಸರಾದ ಕ್ಯಾಪ್ಟನ್ ವಿಲಿಯಂ ಕಿಡ್ ಇಲ್ಲಿಗೆ ಬಂದು ಚಿನ್ನ, ಬೆಳ್ಳಿ, ಹರಳುಗಳನ್ನು ಹೂತಿಟ್ಟು ಹೋದನು. ಈ ಕಿಡ್ 1697ರಲ್ಲಿ ನೀರು, ಸೌದೆ ತುಂಬಿಸಿಕೊಳ್ಳಲು ನಮ್ಮ ಕಾರವಾರದಲ್ಲಿ ಲಂಗರು ಹಾಕಿದ್ದವನು. ಅಲ್ಲಿ ಅವನ ಹಡಗನ್ನು ಬಿಟ್ಟು ಓಡಿದ ಕೆಲವು ನಾವಿಕರಿಂದಲೇ ಅವನ ನಡತೆಯ ಸುದ್ದಿ ಕಾರವಾರದ ಇಂಗ್ಲಿಷ್ ಕೋಠಿಗೆ ತಲುಪಿತು. ಮರುವರ್ಷ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ ಅವನು ಹಿಡಿದ ಕ್ವೆಡಾ ಮರ್ಚೆಂಟ್ ಹಡಗಿನ ರೇಷ್ಮೆ, ಮಸ್ಲಿನ್‌ಗಳೇ ಅವನ ಕೊರಳಿಗೆ ಉರುಳಾದವು. ಜಾನ್ ಗಾರ್ಡಿನರ್ ಹೂತಿಟ್ಟದ್ದನ್ನೆಲ್ಲ ಬಾಸ್ಟನ್ನಿಗೆ ಒಯ್ದು ಒಪ್ಪಿಸಿದನು, ಕಿಡ್ 1701ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದನು. ನಿಧಿ ಇನ್ನೂ ಇಲ್ಲಿಯೇ ಇದೆಯೆಂದು ವಿಡಿಯೋ ಮಾಡುವವರನ್ನು ದಯವಿಟ್ಟು ನಂಬಬೇಡಿ.

ದೋಣಿ ತಿರುಗುವ ಮೊದಲು ಗಾಳಿಗಿರಣಿಯನ್ನು ತೋರಿಸಿಬಿಡುತ್ತೇನೆ. ಅಗೋ, ಆ ಬಿಳಿಯದು, 1795ರಲ್ಲಿ ಕಟ್ಟಿದ್ದು. ಇದೇ ದ್ವೀಪದಲ್ಲಿ 1820ರಲ್ಲಿ ಹುಟ್ಟಿದ ಜೂಲಿಯಾ ಗಾರ್ಡಿನರ್, 1844ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಟೈಲರ್ ಅವರನ್ನು ಮದುವೆಯಾಗಿ ಶ್ವೇತಭವನಕ್ಕೆ ಹೋದಳು. ಆಕೆ ಕಿರಿಯ ಕವಲಿನವಳು, ಒಡೆಯರ ಪಟ್ಟಿಯಲ್ಲಿ ಬರುವವಳಲ್ಲ.

ಪಟ್ಟಿಯ ಮಾತು ಬಂದದ್ದರಿಂದ ನನ್ನ ಅಸಮಾಧಾನವನ್ನು ಹೇಳಿಬಿಡುತ್ತೇನೆ. ಒಂದನೆಯ ಒಡೆಯ, ಎರಡನೆಯ ಒಡೆಯ ಎಂದು ಗಂಡುಮಕ್ಕಳನ್ನು ಎಣಿಸುತ್ತ ಬಂದ ಈ ಮನೆತನದಲ್ಲಿ, 1937ರಲ್ಲಿ ದ್ವೀಪ ಕೈತಪ್ಪುವ ಹಂತಕ್ಕೆ ಬಂದಾಗ ನಾಲ್ಕು ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡವರು ಸಾರಾ ಡಿಯೋಡಾಟಿ ಗಾರ್ಡಿನರ್. 1953ರಲ್ಲಿ ಅವರು ತೀರಿಕೊಂಡಾಗ ದ್ವೀಪವು ಟ್ರಸ್ಟಿನ ಮೂಲಕ ಅವರ ಸಹೋದರನ ಮಕ್ಕಳಾದ ರಾಬರ್ಟ್ ಡೇವಿಡ್ ಲಯನ್ ಗಾರ್ಡಿನರ್ ಮತ್ತು ಆತನ ಸೋದರಿಗೆ ಬಂದಿತು. ಹದಿನಾರನೆಯ ಒಡೆಯನೆಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ ರಾಬರ್ಟ್‌ಗೆ ಮಕ್ಕಳಿರಲಿಲ್ಲ. ಟ್ರಸ್ಟಿನ ಹಣ 1970ರ ದಶಕದಲ್ಲಿ ಕರಗಿದ ಮೇಲೆ ಖರ್ಚಿನ ಪಾಲಿನ ವಿಷಯದಲ್ಲಿ ಸೋದರಿಯ ಮಗಳೊಡನೆ ಶುರುವಾದ ಜಗಳ ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ನಡೆಯಿತು. ಆಕೆಗೆ ಆಸ್ತಿ ಹೋಗಬಾರದೆಂದು, ಮನೆತನದ ದೂರದ ಕುಡಿಯೊಬ್ಬರನ್ನು ದತ್ತು ತೆಗೆದುಕೊಳ್ಳಲು ಕೂಡ ಆತ ಹೊರಟಿದ್ದರು. ನಮ್ಮ ಕರಾವಳಿಯ ಅಳಿಯಕಟ್ಟಿನ ಮನೆಗಳಲ್ಲಿ ಸೋದರಿಯ ಮಕ್ಕಳಿಗೆ ಆಸ್ತಿ ಹೋಗುವುದೇ ಕ್ರಮವಾಗಿತ್ತು. ಇಲ್ಲಿ ಅದನ್ನು ತಡೆಯಲೆಂದೇ ವಕೀಲರಿಗೆ ಹಣ ಸುರಿದರು.

2004ರಲ್ಲಿ ರಾಬರ್ಟ್ ತೀರಿಕೊಂಡರು, ದ್ವೀಪ ಸೋದರಿಯ ಮಗಳದಾಯಿತು, ಗಾರ್ಡಿನರ್ ಎಂಬ ಅಡ್ಡಹೆಸರು ಒಡೆತನದಿಂದ ಅಳಿಯಿತು. ಸೋದರಿಯ ಕಡೆಯವರು ಇಲ್ಲಿ ಕಟ್ಟಡಗಳನ್ನು ಎಬ್ಬಿಸುತ್ತಾರೆಂಬ ಭಯ ಆತನಿಗಿತ್ತು. ಆದರೆ 2005ರಲ್ಲಿ ಈಸ್ಟ್ ಹ್ಯಾಂಪ್ಟನ್ ಊರಿನೊಡನೆ 2025ರವರೆಗಿನ ಸಂರಕ್ಷಣೆಯ ಒಪ್ಪಂದಕ್ಕೆ ಮುಂದಾದದ್ದು ಆ ಕಡೆಯವರೇ. ಇನ್ನು ದೋಣಿಯವರು ಕೈಸನ್ನೆ ಮಾಡುತ್ತಿದ್ದಾರೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿದೆ, ಹೊರಡೋಣ.