ಥಲಸ್ಸೇಮಿಯಾ ಇದ್ದೂ ಡಿಸೈನ್ ಕಾಲೇಜಿಗೆ ಅರ್ಜಿ ಹಾಕುವಾಗ

ಕೇಳುಗರಿಗೆ ನಮಸ್ಕಾರ.

ಥಲಸ್ಸೇಮಿಯಾ ಎಂಬ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯಿಂದಾಗಿ ಮೂರು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ರಕ್ತ ಹಾಕಿಸಿಕೊಳ್ಳುತ್ತಲೇ ಪಿಯುಸಿ ಓದುವ, ಬಿಡುವು ಸಿಕ್ಕರೆ ಸ್ಕೆಚ್‌ಬುಕ್ ಹಿಡಿದು ಕೂರುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಐಐಟಿಗಳ ವಿನ್ಯಾಸ ಪದವಿ ಬಿ.ಡಿಸೈನ್, ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ, ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಇವುಗಳ ಕನಸು ಕಾಣುವವರಿಗೂ ಅವರ ತಂದೆತಾಯಿಗೂ ಇಂದಿನ ಮಾತು. ಚಿತ್ರದ ತಯಾರಿ ಹೇಗೂ ನಡೆದಿರುತ್ತದೆ. ಕಾಗದಪತ್ರದ ತಯಾರಿ ಅದಕ್ಕೂ ಮೊದಲೇ ಶುರುವಾಗಬೇಕು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಈ ಮೂರೂ ರಕ್ತದ ಕಾಯಿಲೆಗಳು ಅದರಲ್ಲಿ ಸೇರಿವೆ. ವೈಕಲ್ಯದ ಪ್ರಮಾಣ ಶೇಕಡ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಬರೆದರೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5 ಸೀಟು ಮೀಸಲು, ಗರಿಷ್ಠ ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ. ಚಿಕಿತ್ಸೆಗಾಗಿ ಒಂದೆರಡು ವರ್ಷ ಕಳೆದುಕೊಂಡವರಿಗೆ ಈ ಸಡಿಲಿಕೆ ದೊಡ್ಡ ಆಸರೆ. ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯ ಈ ಪಟ್ಟಿಯಲ್ಲಿಲ್ಲ. ಆದರೆ ಆ ಕಾಯಿಲೆಯಿಂದಲೋ ಚಿಕಿತ್ಸೆಯಿಂದಲೋ ದೃಷ್ಟಿಗೆ, ಶ್ರವಣಕ್ಕೆ, ಕೈಕಾಲಿಗೆ ಊನ ಉಳಿದಿದ್ದರೆ ಆ ಊನದ ಮೇಲೆ ಪ್ರಮಾಣಪತ್ರ ಕೇಳಬಹುದು.

ಪ್ರಮಾಣಪತ್ರಕ್ಕೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಶೇಕಡ 40ರಿಂದ 80ರ ಒಳಗಿದ್ದರೆ ಹಳದಿ ಕಾರ್ಡ್ ಬರುತ್ತದೆ. ಐಐಟಿಗಳ ಪ್ರವೇಶ ಪರೀಕ್ಷೆಯಾದ ಯುಸೀಡ್‌ಗೆ ನೋಂದಣಿ ಅಕ್ಟೋಬರ್ ಹೊತ್ತಿಗೆ ಆರಂಭ, ಪರೀಕ್ಷೆ ಜನವರಿಯಲ್ಲಿ. ಹಾಗಾಗಿ ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲೇ ಈ ಕೆಲಸ ಹಿಡಿಯಿರಿ. ನಮ್ಮ ಕಡೆ ತೊಡಕಾಗುವುದು ಇನಿಷಿಯಲ್‌ನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದಕ್ಷರ, ಆಧಾರ್‌ನಲ್ಲಿ ಹೆಸರಿನ ಮುಂದೆ ತಂದೆಯ ಪೂರ್ತಿ ಹೆಸರು. ಯುಡಿಐಡಿ ಆಧಾರ್ ಪ್ರಕಾರ ಬಂದರೆ, ಅಂಕಪಟ್ಟಿಯ ಪ್ರಕಾರ ತುಂಬಿದ ಪರೀಕ್ಷಾ ಅರ್ಜಿಗೆ ಅದು ಹೊಂದುವುದಿಲ್ಲ. ಮೊದಲು ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸಿ, ಆಮೇಲೆ ಯುಡಿಐಡಿಗೆ ಹೋಗಿ. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅವಧಿ ಎಂದು ಮುಗಿಯುತ್ತದೆಂದು ನೋಡಿ. ಪರೀಕ್ಷೆಯ ದಿನಕ್ಕೆ ಚಾಲ್ತಿಯಲ್ಲಿದ್ದರೆ ಸಾಲದು, ಸೀಟು ಹಂಚಿಕೆಯ ಜೂನ್, ಜುಲೈವರೆಗೂ ಇರಬೇಕು.

ಇನ್ನು ಪರೀಕ್ಷೆ. ಯುಸೀಡ್ ಮೂರು ಗಂಟೆಯದು: ಕಂಪ್ಯೂಟರ್ ಮೇಲೆ ಒಂದು ಭಾಗ, ಕಾಗದದ ಮೇಲೆ ಚಿತ್ರ ಬಿಡಿಸುವ ಇನ್ನೊಂದು ಭಾಗ. ಶೇಕಡ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಗಂಟೆಗೆ 20 ನಿಮಿಷದಂತೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಅರ್ಜಿ ತುಂಬುವಾಗಲೇ ಅದನ್ನು ಗುರುತು ಹಾಕಿ. ಪರೀಕ್ಷಾ ಕೊಠಡಿಯಲ್ಲಿ ಕೇಳಿದರೆ ಸಿಗದು.

ಪರೀಕ್ಷೆಯ ದಿನಾಂಕ ಪ್ರಕಟವಾದ ಕೂಡಲೇ ರಕ್ತ ಹಾಕಿಸುವ ದಿನಗಳ ಪಕ್ಕದಲ್ಲಿಟ್ಟು ನೋಡಿ. ಹಿಮೋಗ್ಲೋಬಿನ್ 9ರ ಕೆಳಗೆ ಇಳಿದ ಹೊತ್ತಿಗೆ ನಾಲ್ಕು ಗಂಟೆ ಕೂತು ಗೆರೆ ಎಳೆಯುವುದು ಕಷ್ಟ, ಗಮನ ನಿಲ್ಲುವುದಿಲ್ಲ. ಹಾಗೆಂದು ಹಿಂದಿನ ದಿನ ಹಾಕಿಸಬೇಡಿ. ಎರಡು ಯೂನಿಟ್ ಹಾಕಲು ಹೆಚ್ಚುಕಡಿಮೆ ಒಂದು ದಿನವೇ ಹೋಗುತ್ತದೆ, ಚಳಿಜ್ವರ ಬಂದರೆ ಮರುದಿನದ ಪರೀಕ್ಷೆ ಕೈಬಿಟ್ಟಂತೆ. ಮೂರು, ನಾಲ್ಕು ದಿನ ಮೊದಲು ಆಗುವಂತೆ ಸರದಿ ಹೊಂದಿಸಲು ನಿಮ್ಮ ವೈದ್ಯರನ್ನು ಎರಡು ತಿಂಗಳ ಮುಂಚೆಯೇ ಕೇಳಿ. ಅಂದು ಸೂಜಿಯನ್ನು ಚಿತ್ರ ಬಿಡಿಸುವ ಕೈಗೆ ಚುಚ್ಚದಂತೆ ಸಿಸ್ಟರ್‌ಗೆ ನೆನಪಿಸಿ. ನೀಲಿಗಟ್ಟಿ ಊದಿದ ಮುಂಗೈಯಲ್ಲಿ ಪೆನ್ಸಿಲ್ ಹಿಡಿಯುವುದು ಎಷ್ಟು ಕಷ್ಟ ಎಂಬುದು ಮಕ್ಕಳಿಗೆ ಗೊತ್ತು, ಆಸ್ಪತ್ರೆಯ ಗಡಿಬಿಡಿಯಲ್ಲಿ ಬೇರೆಯವರಿಗೆ ಅದು ಹೊಳೆಯುವುದಿಲ್ಲ. ಎನ್‌ಐಡಿ, ನಿಫ್ಟ್‌ಗಳ ಎರಡನೇ ಹಂತದಲ್ಲಿ ಕೊಟ್ಟ ಸಾಮಗ್ರಿಯಿಂದ ಮಾದರಿ ಮಾಡಿಸುವುದುಂಟು, ಅದಕ್ಕೂ ಇದೇ ಲೆಕ್ಕ.

ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಚಿತ್ರಗಳ ಸಂಗ್ರಹ, ಮತ್ತು ಸಂದರ್ಶನ ಕೇಳುವ ಕಾಲೇಜುಗಳೂ ಇವೆ, ಅದರ ಬಗ್ಗೆ ಒಂದು ಮಾತು. ಪುಟ ಪುಟದಲ್ಲೂ ಆಸ್ಪತ್ರೆಯೇ ತುಂಬಿದ್ದರೆ ನೋಡುವವರಿಗೆ ಕಾಯಿಲೆ ಕಾಣುತ್ತದೆ, ಕೈ ಕಾಣುವುದಿಲ್ಲ. ರಕ್ತದ ಚೀಲ ತೂಗುವ ಕೊಕ್ಕೆ ಯಾಕೆ ಅಲ್ಲಾಡುತ್ತದೆ, ಅದನ್ನು ಹೇಗೆ ಬದಲಿಸಬಹುದು ಎಂದು ಐದಾರು ಕರಡು ಚಿತ್ರ ಬಿಡಿಸಿದ್ದರೆ ಅದು ವಿನ್ಯಾಸದ ಯೋಚನೆ, ಖಂಡಿತ ಇಡಿ. ಉಳಿದ ಪುಟಗಳಿಗೆ ಸಂತೆ, ಬಸ್‌ಸ್ಟ್ಯಾಂಡ್, ಅಡುಗೆಮನೆ ಬರಲಿ. ಕರಡುಗಳನ್ನು ಎಸೆಯಬೇಡಿ, ಸಂದರ್ಶನದಲ್ಲಿ ಹೆಚ್ಚು ಪ್ರಶ್ನೆ ಬರುವುದು ಅವುಗಳ ಮೇಲೆಯೇ. ಮೀಸಲಾತಿಗೆ ಪ್ರಮಾಣಪತ್ರ ಕೊಟ್ಟಾಗಿದೆ. ಸಂದರ್ಶನದಲ್ಲಿ ನೀವಾಗಿಯೇ ಕಾಯಿಲೆಯ ಕಥೆ ತೆಗೆಯಬೇಕಿಲ್ಲ.

ಸೀಟು ದೂರದ ಊರಲ್ಲಿ ಸಿಕ್ಕರೆ ಹಾಸ್ಟೆಲ್‌ಗಿಂತ ಮೊದಲು ರಕ್ತ ಹಾಕುವ ಕೇಂದ್ರ ಹುಡುಕಿ. ಈಗಿನ ಕೇಂದ್ರದಿಂದ ಒಂದು ಕಡತ ಪಡೆಯಿರಿ: ರಕ್ತದ ಗುಂಪು, ಕೆಲ್ ಮೊದಲಾದ ಉಪಗುಂಪುಗಳು, ಬೇರೆಯವರ ರಕ್ತದ ವಿರುದ್ಧ ದೇಹ ಬೆಳೆಸಿಕೊಂಡ ಆಂಟಿಬಾಡಿಗಳ ವರದಿ, ದೇಹದಲ್ಲಿ ಕೂಡಿದ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಮಟ್ಟ, ಕಬ್ಬಿಣ ಇಳಿಸುವ ಔಷಧದ ಪ್ರಮಾಣ. ಹಿಂದೆ ಆಂಟಿಬಾಡಿ ಬೆಳೆದಿದ್ದರೆ ಹೊಸ ಪರೀಕ್ಷೆಯಲ್ಲಿ ಅದು ಕಾಣದೆಯೂ ಹೋಗಬಹುದು, ಹೊಂದದ ರಕ್ತ ಹಾಕಿದ ಕೆಲವು ದಿನಗಳ ಮೇಲೆ ತೊಂದರೆ ಕೊಡಬಹುದು. ಹಳೆಯ ವರದಿ ಕೈಯಲ್ಲಿದ್ದರೆ ಮಾತ್ರ ಹೊಸ ವೈದ್ಯರಿಗೆ ಅದು ತಿಳಿಯುವುದು. ತರಗತಿ ಶುರುವಾಗುವ ಮೊದಲೇ ಅಲ್ಲಿ ಹೆಸರು ಬರೆಸಿ, ಮೊದಲ ಸರದಿಯ ದಿನ ಗೊತ್ತುಮಾಡಿಕೊಂಡು, ಆ ಸೆಮಿಸ್ಟರ್‌ನ ಚಿಕಿತ್ಸೆಯ ದಿನಗಳ ಪಟ್ಟಿಯನ್ನು ವಿಭಾಗದ ಮುಖ್ಯಸ್ಥರಿಗೆ ಬರಹದಲ್ಲಿ ಕೊಡಿ. ಸ್ಟುಡಿಯೊ ತರಗತಿಗಳಲ್ಲಿ ಹಾಜರಾತಿ ಬಿಗಿ. ಕೊರತೆ ಬಿದ್ದ ಮೇಲೆ ತರುವ ಪತ್ರಕ್ಕಿಂತ ಮೊದಲೇ ಕೊಟ್ಟ ಪಟ್ಟಿಗೆ ಬೆಲೆ ಹೆಚ್ಚು.

ನಮಸ್ಕಾರ.