ಸದ್ದು ಹಿಡಿದು ಜಾಗ ಹುಡುಕುವುದು

ಕೇಳುಗರಿಗೆ ನಮಸ್ಕಾರ.

ಶ್ರೀನಿವಾಸಪುರದ ಕಡೆ ಒಂದು ದೊಡ್ಡ ಮಾವಿನ ತೋಪು ಇದೆ ಅಂದುಕೊಳ್ಳಿ. ಮಣ್ಣಿನ ತೇವ ನೋಡಲು ಅಲ್ಲಲ್ಲಿ ಸೆನ್ಸರ್ ಡಬ್ಬಿಗಳನ್ನು ಇಟ್ಟಿದ್ದಾರೆ. ಒಂದೊಂದರಲ್ಲೂ ಬ್ಯಾಟರಿ, ಪುಟ್ಟ ರೇಡಿಯೋ. ಯಾವುದೋ ಒಂದು ಡಬ್ಬಿ 'ಮಣ್ಣು ಒಣಗಿದೆ' ಅಂತ ಸುದ್ದಿ ಕಳಿಸುತ್ತದೆ. ಎಲ್ಲಿ ಅಂತ ಗೊತ್ತಾಗದಿದ್ದರೆ ನೀರು ಬಿಡುವುದಾದರೂ ಯಾವ ಸಾಲಿಗೆ?

ಜಿಪಿಎಸ್ ಹಾಕಿದರಾಯಿತು ಅಲ್ವಾ ಅನ್ನಬಹುದು. ಅದು ಬ್ಯಾಟರಿ ಜಾಸ್ತಿ ತಿನ್ನುತ್ತದೆ. ದಟ್ಟ ಮರದ ಕೆಳಗೆ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಸದ್ದು ಕೆಲಸಕ್ಕೆ ಬರುವುದು ಇಲ್ಲೇ.

ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡ್ ಆದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಡಬ್ಬಿಗಳ ಲೆಕ್ಕವೂ ಅದೇ. ಒಂದು ಡಬ್ಬಿ ಇಂಥ ಹೊತ್ತಿಗೆ 'ಚಿಕ್' ಅನ್ನುತ್ತದೆ, ಆ ಹೊತ್ತನ್ನು ರೇಡಿಯೋದಲ್ಲಿ ತಿಳಿಸುತ್ತದೆ. ಉಳಿದವು ಸದ್ದು ತಮಗೆ ಯಾವಾಗ ಕೇಳಿಸಿತು ಅಂತ ನೋಡಿಕೊಳ್ಳುತ್ತವೆ. ನಡುವಿನ ಸಮಯವನ್ನು ಸದ್ದಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಜಾಗ ಗೊತ್ತಿರುವ ಮೂರು ಡಬ್ಬಿಗಳಿಂದ ದೂರ ಸಿಕ್ಕರೆ ನಾಲ್ಕನೆಯದು ಎಲ್ಲಿದೆ ಅಂತ ಹೇಳಬಹುದು. ಆ ಮೂರು ಒಂದೇ ಸಾಲಿನಲ್ಲಿ ಇರಬಾರದು ಅಷ್ಟೆ.

ಆದರೆ ಎಲ್ಲರ ಗಡಿಯಾರವೂ ಒಂದೇ ಸಮಯ ತೋರಿಸಬೇಕಲ್ಲ, ಕಷ್ಟ ಇರುವುದು ಅಲ್ಲೇ. ಅಗ್ಗದ ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪುವುದು ಮಾಮೂಲಿ. ಕೇಳಲು ಏನೂ ಅಲ್ಲ. ಗಂಟೆಗೆ ಲೆಕ್ಕ ಹಾಕಿ: 72 ಮಿಲಿಸೆಕೆಂಡ್. ಅಷ್ಟರಲ್ಲಿ ಸದ್ದು ಸುಮಾರು 25 ಮೀಟರ್ ಹೋಗಿರುತ್ತದೆ. ಡಬ್ಬಿ ಪಕ್ಕದವರ ತೋಪಿನಲ್ಲಿದೆ ಅಂತ ಲೆಕ್ಕ ಬಂದರೂ ಬಂತು!

ಆದ್ದರಿಂದ ಆಗಾಗ ಸಮಯ ಸರಿಮಾಡಬೇಕು. ಸುಮ್ನೆ 'ಈಗ ಇಷ್ಟು ಗಂಟೆ' ಅಂತ ಕಳಿಸಿದರೆ ಸಾಲದು. ಸಂದೇಶ ಹೊರಡುವ ಮುಂಚೆ ಡಬ್ಬಿಯೊಳಗೇ ಒಂದಿಷ್ಟು ಹೊತ್ತು ಕಾಯುತ್ತದೆ, ಆ ಕಾಯುವಿಕೆ ಪ್ರತಿ ಸಲ ಬೇರೆ ಬೇರೆ. ಅದಕ್ಕೇ ಸಂದೇಶ ಗಾಳಿಗೆ ಬೀಳುವ ಕೊನೇ ಕ್ಷಣದಲ್ಲಿ ಸಮಯದ ಮುದ್ರೆ ಒತ್ತುತ್ತಾರೆ. ಹೀಗೆ ಮಾಡಿದರೆ ಮೈಕ್ರೋಸೆಕೆಂಡುಗಳ ಮಟ್ಟಕ್ಕೆ ಹೊಂದಿಸಬಹುದು. ಒಂದು ಮೈಕ್ರೋಸೆಕೆಂಡಿನಲ್ಲಿ ರೇಡಿಯೋ ಅಲೆ 300 ಮೀಟರ್ ಓಡುತ್ತದೆ, ಸದ್ದು ಒಂದು ಮಿಲಿಮೀಟರೂ ಹೋಗುವುದಿಲ್ಲ. ಸದ್ದು ನಿಧಾನ ಆಗಿರುವುದೇ ನಮ್ಮ ಪುಣ್ಯ.

ಬಿಸಿಲನ್ನೂ ಮರೆಯುವ ಹಾಗಿಲ್ಲ. 20 ಡಿಗ್ರಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, 35ರಲ್ಲಿ 352. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನೂರು ಮೀಟರಿಗೆ ಎರಡೂವರೆ ಮೀಟರ್ ತಪ್ಪು.

ಇದೇ ಜಾತಿಯ ಲೆಕ್ಕ ನಮ್ಮ ಕೋಲಾರ ಜಿಲ್ಲೆಗೆ ಹೊಸದಲ್ಲ. ಕೆಜಿಎಫ್ ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು. ನೆಲದ ಅದುರು ಹಿಡಿಯುವ ಜಿಯೋಫೋನುಗಳನ್ನು ಇಟ್ಟು, ಯಾವುದಕ್ಕೆ ಎಷ್ಟು ಹೊತ್ತಿಗೆ ಅದುರು ಮುಟ್ಟಿತು ಅಂತ ನೋಡಿ ಸಿಡಿದ ಜಾಗ ಗುರುತಿಸುತ್ತಿದ್ದರು. ಅಲ್ಲಿ ಇನ್ನೊಂದು ತೊಡಕು. ಡಬ್ಬಿ ತಾನು ಕೂಗಿದ ಹೊತ್ತು ಹೇಳುತ್ತದೆ, ಬಂಡೆ ಹೇಳುವುದಿಲ್ಲ. ಹಾಗಾಗಿ ಒಂದು ಜಿಯೋಫೋನ್ ಹೆಚ್ಚಿಗೆ ಬೇಕು. ಬಂಡೆಯೊಳಗೆ ಅಲೆ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡುವುದರಿಂದ ಗಡಿಯಾರವೂ ಇನ್ನಷ್ಟು ಬಿಗಿಯಾಗಿರಬೇಕು.

ಮಕ್ಕಳೇ, ಗಡಿಯಾರ ಹೊಂದಿಸದೆಯೂ ಒಂದು ದಾರಿ ಇದೆ. ಫೈಫಾಕ್ಸ್ ಅನ್ನುವ ಉಚಿತ ಆ್ಯಪ್‌ನಲ್ಲಿ ಸದ್ದಿಗೆ ಓಡುವ, ಸದ್ದಿಗೆ ನಿಲ್ಲುವ ಗಡಿಯಾರ ಇದೆ. ಶಾಲೆಯ ಬಯಲಿನಲ್ಲಿ ಹತ್ತು ಮೀಟರ್ ದೂರಕ್ಕೆ ಇಬ್ಬರು ಫೋನ್ ಹಿಡಿದು ನಿಲ್ಲಿ. ಮೊದಲು ಒಬ್ಬರು ಚಪ್ಪಾಳೆ ತಟ್ಟಿ, ಆಮೇಲೆ ಇನ್ನೊಬ್ಬರು. ಎರಡು ಫೋನಿನ ಸಮಯ ಕಳೆದರೆ ಸುಮಾರು 58 ಮಿಲಿಸೆಕೆಂಡ್ ಬರಬೇಕು. ಅದು ಸದ್ದು ಹೋಗಿ ಬರುವಷ್ಟು ಹೊತ್ತು. ಗಂಟೆ ಹೊಡೆಯುವ ಸಮಯ ಬೇಡ, ಗಲಾಟೆಗೇ ಗಡಿಯಾರ ಓಡಿಬಿಡುತ್ತದೆ.

ನಮಸ್ಕಾರ.